ಹೊಳೆಬಾಗಿಲಿನಿಂದ ಸೇತುವೆಯವರೆಗೆ

ನಾವು ಈ ಶಾಲೆಯಲ್ಲಿ ಓದುವಾಗ ಪೇಟೆಗೆ ಹೋಗುವುದೆಂದರೆ ‘ಆಚೆ ದಡಕ್ಕೆ’ ಹೋಗುವುದು. ಲಾಂಚ್ ಸಿಕ್ಕರೆ ಸಾಗರ, ತಪ್ಪಿದರೆ ಮನೆ. ಈಗ ಶಾಲೆಗೆ ಐವತ್ತು ತುಂಬುವ ಹೊತ್ತಿಗೆ ನಮ್ಮ ತುಮರಿ ಭಾಗಕ್ಕೆ ಸೇತುವೆಯೂ ಬಂದಿದೆ. ಅದರ ಹಿಂದಿನ ಕಥೆ ಇಂದಿನ ಮಕ್ಕಳಿಗೆ ತಿಳಿದಿರಲಿ ಎಂದು ಈ ಬರಹ.

ಶರಾವತಿಗೆ ಮೊದಲು ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೇ ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಇಂದಿಗೂ ತಲೆ ಎತ್ತುತ್ತದೆ. ಅದರ ಜೊತೆ ಮುಳುಗಿದ ಗದ್ದೆ, ತೋಟ, ಮನೆಗಳು ಮಾತ್ರ ಹಿರಿಯರ ನೆನಪಿನಲ್ಲಷ್ಟೇ ಉಳಿದವು. ನಾಡಿಗೆ ಬೆಳಕು ಕೊಟ್ಟ ಕರೂರು, ಬಾರಂಗಿ ಹೋಬಳಿಗಳ ಜನ ಹಿನ್ನೀರಿನ ಈಚೆ ಉಳಿದುಬಿಟ್ಟರು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಲಾಂಚೇ ದಾರಿ. ಇಲ್ಲವಾದರೆ ಕೋಗಾರು, ಕಾರ್ಗಲ್ ಕಡೆಯ ಸುತ್ತುಹಾದಿ. ಬಿರುಬೇಸಿಗೆಯಲ್ಲಿ ನೀರು ತಗ್ಗಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ರಾತ್ರಿ ಅಜ್ಜಿಗೆ ಎದೆನೋವು ಬಂತು. ಲಾಂಚ್ ಸಂಜೆಯೇ ನಿಂತಿತ್ತು. ಬೆಳಗಿನ ಮೊದಲ ಲಾಂಚಿಗೆ ದಡದಲ್ಲಿ ಕಾದೆವು. ಎದುರಿನ ದಡದ ದೀಪಗಳು ಕಾಣುತ್ತಿದ್ದವು. ಅಜ್ಜಿ ಉಳಿದರು. ಹಾಗೆ ಕಾದವರೆಲ್ಲರ ಮನೆಯವರೂ ಉಳಿಯಲಿಲ್ಲ ಎಂಬುದು ಇದನ್ನು ಓದುವ ಊರಿನವರಿಗೆ ಗೊತ್ತು.

ಸೇತುವೆಗಾಗಿ ಒಂದು ತಲೆಮಾರು ಮನವಿ ಬರೆಯಿತು, ಮುಂದಿನದು ಹೋರಾಡಿತು. 2018ರಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಸೇತುವೆಯನ್ನು ಉದ್ಘಾಟಿಸಿದರು. ಉದ್ದ ಸುಮಾರು 2.44 ಕಿ.ಮೀ. ಆಳವಾದ ನೀರಿನಲ್ಲಿ ಹತ್ತಿರ ಹತ್ತಿರ ಕಂಬ ನಿಲ್ಲಿಸುವುದು ಕಷ್ಟ. ಅದಕ್ಕೇ ಮಧ್ಯದ ಭಾಗದಲ್ಲಿ ಕಂಬಗಳನ್ನು ದೂರ ದೂರ ನಿಲ್ಲಿಸಿ, ಅವುಗಳ ಮೇಲಿನ ಗೋಪುರಗಳಿಂದ ಬಿಗಿದ ಉಕ್ಕಿನ ಕೇಬಲ್‌ಗಳು ರಸ್ತೆಯ ಭಾರ ಹೊರುವಂತೆ ಮಾಡಿದ್ದಾರೆ.

ಉದ್ಘಾಟನೆಯಾದ ಮೇಲೆ ಬೆಂಗಳೂರಿನಿಂದ ಊರಿಗೆ ಬಂದಾಗ ಕೆಲವೇ ನಿಮಿಷಗಳಲ್ಲಿ ಹೊಳೆ ದಾಟಿದೆ. ಸಂತೋಷವಾಯಿತು. ಆದರೆ ಕೆಳಗಿನ ನೀರನ್ನು ನೋಡಿದಾಗ ಅದರೊಳಗಿರುವ ಊರುಗಳ ಹೆಸರು ನನಗೆ ನಾಲ್ಕೈದೂ ಬರಲಿಲ್ಲ. ಇಂಜಿನಿಯರಿಂಗ್ ಓದಿದವನಿಗೆ ಸೇತುವೆಯ ಅಳತೆ ಗೊತ್ತು, ಅಜ್ಜಿಯ ತವರಿನ ಗಡಿ ಗೊತ್ತಿಲ್ಲ.

ಆದ್ದರಿಂದ ನಮ್ಮ ಶಾಲೆಯ ಗುರುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮುಳುಗಡೆಯನ್ನು ಕಣ್ಣಾರೆ ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ. ಮಕ್ಕಳು ಅವರ ಬಳಿ ಕುಳಿತು ಊರು, ಕೆರೆ, ದಾರಿಗಳ ಹೆಸರುಗಳನ್ನು ಬರೆದಿಡಲಿ. ಆ ಕೆಲಸಕ್ಕೆ ನನ್ನಿಂದಾಗುವ ಸಹಾಯ ಮಾಡಲು ನಾನು ಸಿದ್ಧ.