ಕಿತ್ತ ವಚನ, ಬೀಸಿದ ಚಾಟಿ

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸೇಂಟ್ ಮೈಕಲ್ಸ್ ಊರಿನ ಥಾಮಸ್ ಆಲ್ಡ್ 1832ರ ಆಗಸ್ಟಿನಲ್ಲಿ ಮೆಥಡಿಸ್ಟರ ಬಯಲು ಪ್ರಾರ್ಥನಾ ಕೂಟಕ್ಕೆ ಹೋಗಿ ಭಕ್ತನಾಗಿ ಮರಳಿದ. ಮನೆಯಲ್ಲಿ ಬೆಳಿಗ್ಗೆ, ರಾತ್ರಿ ಪ್ರಾರ್ಥನೆ ಶುರುವಾಯಿತು. ಗುಲಾಮರ ಮೇಲಿನ ಕ್ರೌರ್ಯ ಮಾತ್ರ ತಗ್ಗಲಿಲ್ಲ, ಇನ್ನಷ್ಟು ಹೆಚ್ಚಿತು. ಅಂಗವಿಕಲಳಾಗಿದ್ದ ಯುವತಿಯೊಬ್ಬಳನ್ನು ಕಟ್ಟಿಹಾಕಿ, ಬರಿ ಭುಜಗಳಿಂದ ರಕ್ತ ತೊಟ್ಟಿಕ್ಕುವಂತೆ ಚಾಟಿ ಬೀಸುತ್ತಿದ್ದ. ಅದಕ್ಕೆ ಸಮರ್ಥನೆಯಾಗಿ ಬೈಬಲಿನ ವಚನ ಹೇಳುತ್ತಿದ್ದ. ಆಗ ಅದೇ ಮನೆಯಲ್ಲಿ ಗುಲಾಮರಾಗಿದ್ದ ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥೆಯಲ್ಲಿ ಇದನ್ನು ದಾಖಲಿಸಿದ್ದಾರೆ.

ಆಲ್ಡ್ ಹೇಳುತ್ತಿದ್ದುದು ಲೂಕನ ಸುವಾರ್ತೆಯ 12ನೇ ಅಧ್ಯಾಯದ 47ನೇ ವಚನ. ಯಜಮಾನನ ಇಷ್ಟ ಏನೆಂದು ಗೊತ್ತಿದ್ದೂ ಹಾಗೆ ನಡೆಯದ ಆಳಿಗೆ ಬಹಳ ಪೆಟ್ಟು ಬೀಳುತ್ತದೆ ಎಂಬುದು ಅದರ ತಾತ್ಪರ್ಯ. ಅದೊಂದನ್ನೇ ಕಿತ್ತುಕೊಂಡರೆ ಗುಲಾಮರ ಒಡೆಯನಿಗೆ ಅನುಕೂಲವೇ. ಆದರೆ ಯೇಸು ಅಲ್ಲಿ ಹೇಳುತ್ತಿರುವುದು ಒಂದು ಸಾಮ್ಯ. ಯಜಮಾನ ಊರಲ್ಲಿಲ್ಲ. ಮನೆಯ ಪಾರುಪತ್ಯ ವಹಿಸಿಕೊಂಡವನು, ಅವನು ಬರುವುದು ಇನ್ನೂ ತಡ ಎಂದುಕೊಂಡು ಗಂಡಾಳು ಹೆಣ್ಣಾಳುಗಳನ್ನು ಹೊಡೆಯತೊಡಗುತ್ತಾನೆ, ಕುಡಿದು ಮತ್ತನಾಗುತ್ತಾನೆ. ಇದು 45ನೇ ವಚನ. ನೆನೆಯದ ದಿನದಲ್ಲಿ ಬಂದಿಳಿಯುವ ಯಜಮಾನನ ಶಿಕ್ಷೆ ಬೀಳುವುದು ಅವನ ಮೇಲೆಯೇ. ಹೆಚ್ಚು ಒಪ್ಪಿಸಿಕೊಂಡವನಿಂದ ಹೆಚ್ಚು ಲೆಕ್ಕ ಕೇಳಲಾಗುತ್ತದೆ ಎಂದು 48ನೇ ವಚನ ಮುಗಿಯುತ್ತದೆ. ಎರಡೇ ವಚನ ಹಿಂದಕ್ಕೆ ಓದಿದ್ದರೂ ಸಾಕಿತ್ತು, ಚಾಟಿ ಹಿಡಿದವನಿಗೆ ಆ ಕಥೆಯಲ್ಲಿ ತನ್ನ ಜಾಗ ಯಾವುದೆಂದು ಕಾಣುತ್ತಿತ್ತು.

ಆದಿಕಾಂಡದ 9ನೇ ಅಧ್ಯಾಯದ ಪಾಡೂ ಇದೇ. ನೋಹನ ಮಗ ಹಾಮನಿಗೆ ಬಿದ್ದ ಶಾಪದಿಂದಲೇ ಆಫ್ರಿಕನ್ನರು ಗುಲಾಮರಾದರು ಎಂದು ತಲೆಮಾರುಗಳ ಕಾಲ ಬೋಧಿಸಲಾಯಿತು. ಗ್ರಂಥದಲ್ಲಿ ನೋಹ ಶಪಿಸುವುದು ಹಾಮನನ್ನಲ್ಲ, ಅವನ ಮಗ ಕಾನಾನನನ್ನು. ಮೈಬಣ್ಣದ ಮಾತೇ ಅಲ್ಲಿಲ್ಲ.

ವಚನ ಕೀಳುವುದಷ್ಟೇ ಸಾಲದೆಂದು ಪುಸ್ತಕವನ್ನೇ ಕತ್ತರಿಸಿದ್ದೂ ಉಂಟು. ಬ್ರಿಟಿಷ್ ವೆಸ್ಟ್ ಇಂಡೀಸ್‌ನ ಗುಲಾಮರಿಗೆಂದು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಆಯ್ದ ಭಾಗಗಳ' ಬೈಬಲಿನಲ್ಲಿ ಹಳೆಯ ಒಡಂಬಡಿಕೆಯ ಸುಮಾರು ಶೇ. 90, ಹೊಸ ಒಡಂಬಡಿಕೆಯ ಅರ್ಧದಷ್ಟು ಭಾಗ ಇಲ್ಲ. ಅಣ್ಣಂದಿರೇ ಮಾರಿಬಿಟ್ಟ ಯೋಸೇಫ ಇದ್ದಾನೆ. ಈಜಿಪ್ಟಿನ ದಾಸತ್ವದಿಂದ ಇಸ್ರಾಯೇಲರನ್ನು ಹೊರತಂದ ಮೋಶೆಯ ಕಥೆ ಇಲ್ಲ. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಎಫೆಸದವರ ಪತ್ರಿಕೆಯ ಮಾತು ಉಳಿದಿದೆ. ದಾಸ, ಸ್ವತಂತ್ರ ಎಂಬ ಭೇದವಿಲ್ಲ ಎನ್ನುವ ಗಲಾತ್ಯದವರ ಪತ್ರಿಕೆಯ ವಚನ ಮಾಯ. ಇದರ ಒಂದು ಪ್ರತಿ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿದೆ. ಏನನ್ನು ಕಂಡು ಒಡೆಯರು ಹೆದರಿದ್ದರು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಕೇಳುವವರೇನೂ ತಲೆದೂಗುತ್ತ ಕೂರಲಿಲ್ಲ. 1830ರ ದಶಕದಲ್ಲಿ ಜಾರ್ಜಿಯಾದ ಪ್ರೆಸ್ಬಿಟೇರಿಯನ್ ಪಾದ್ರಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್, ಫಿಲೆಮೋನನಿಗೆ ಪೌಲ ಬರೆದ ಪತ್ರವನ್ನು ಆಧಾರವಾಗಿಟ್ಟು, ಗುಲಾಮರು ಓಡಿಹೋಗುವುದು ತಪ್ಪೆಂದು ಪ್ರವಚನ ಮಾಡಿದ. ಸಭೆಯಲ್ಲಿದ್ದ ಗುಲಾಮರಲ್ಲಿ ಅರ್ಧದಷ್ಟು ಮಂದಿ ಎದ್ದು ಹೊರಟೇಬಿಟ್ಟರು. ಬೈಬಲಿನಲ್ಲಿ ಅಂಥ ಪತ್ರವೇ ಇಲ್ಲ ಎಂದು ಕೆಲವರು ಹೇಳಿದರು. ಪತ್ರವೇನೋ ಇತ್ತು. ಆದರೆ ಅದರಲ್ಲೇ ಪೌಲ, ಫಿಲೆಮೋನನ ದಾಸನಾಗಿದ್ದ ಒನೇಸಿಮನನ್ನು ಇನ್ನು ದಾಸನಂತಲ್ಲ, ಪ್ರಿಯ ಸಹೋದರನಂತೆ ಬರಮಾಡಿಕೋ ಎಂದು ಕೇಳಿಕೊಂಡಿದ್ದಾನೆ. ಓಡಿಬಂದ ದಾಸನನ್ನು ಒಡೆಯನಿಗೆ ಒಪ್ಪಿಸಬಾರದೆಂಬ ಧರ್ಮೋಪದೇಶಕಾಂಡದ ಕಟ್ಟಳೆಯೂ ಅದೇ ಬೈಬಲಿನಲ್ಲಿದೆ.

ತಾವೇ ಓದಿ ನೋಡುವ ದಾರಿ ಗುಲಾಮರಿಗೆ ಸುಲಭವಿರಲಿಲ್ಲ. ಅವರಿಗೆ ಅಕ್ಷರ ಕಲಿಸುವುದು ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧವಾಗಿತ್ತು. ಸೇಂಟ್ ಮೈಕಲ್ಸ್‌ನಲ್ಲಿ ಹೊಸ ಒಡಂಬಡಿಕೆ ಓದಲು ಕಲಿಸುತ್ತಿದ್ದ ಭಾನುವಾರದ ಶಾಲೆಯ ಮೇಲೆ ಚರ್ಚಿನ ಮುಖಂಡರೇ ದೊಣ್ಣೆ ಹಿಡಿದು ನುಗ್ಗಿದರು. ಮೂರು ಸಲ ಕೂಡಿದ್ದಷ್ಟೇ, ಶಾಲೆ ನಿಂತುಹೋಯಿತು. ಆ ಶಾಲೆಯಲ್ಲಿದ್ದ ಡಗ್ಲಸ್ ಬಿಡಲಿಲ್ಲ. 1834ರಲ್ಲಿ ಫ್ರೀಲ್ಯಾಂಡ್ ಎಂಬಾತನ ಹೊಲದಲ್ಲಿ ದುಡಿಯುತ್ತಿದ್ದಾಗ, ಸ್ವತಂತ್ರನಾಗಿದ್ದ ಕಪ್ಪು ಮನುಷ್ಯನೊಬ್ಬನ ಮನೆಯಲ್ಲಿ ಗುಟ್ಟಾಗಿ ಮತ್ತೆ ಪಾಠ ಶುರುಮಾಡಿದರು. ಒಂದು ಹಂತದಲ್ಲಿ ಅಲ್ಲಿಗೆ ಓದು ಕಲಿಯಲು 40ಕ್ಕೂ ಹೆಚ್ಚು ಮಂದಿ ಬರುತ್ತಿದ್ದರು.