ಎರಡು ಚುಕ್ಕೆ

ಲಗ್ನಪತ್ರಿಕೆಯನ್ನು ಓದಿ ಅದು ಲಗ್ನಪತ್ರಿಕೆ ಎಂದು ತಿಳಿದುಕೊಳ್ಳುವವರು ಯಾರೂ ಇಲ್ಲ. ಲಕೋಟೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ್ದರೆ ಸಾಕು, ಒಲೆಯ ಮುಂದಿನಿಂದಲೇ "ಯಾರದಂತೆ ಮದುವೆ?" ಎಂದು ಕೇಳುತ್ತೇವೆ. ಮೇಲೆ ಗಣಪತಿ, ಅದರ ಕೆಳಗೆ ಮನೆದೇವರ ಹೆಸರು, ಆಮೇಲೆ ವಧೂವರರು, ಮುಹೂರ್ತ, ಛತ್ರದ ವಿಳಾಸ. ವೈಕುಂಠ ಸಮಾರಾಧನೆಯ ಕಾಗದಕ್ಕೆ ಅರಿಸಿನವಿರುವುದಿಲ್ಲ. ಅದನ್ನು ಬಿಡಿಸುವ ಮೊದಲೇ ಎದೆ ಸಣ್ಣಗೆ ಹೊಡೆದುಕೊಳ್ಳುತ್ತದೆ. ಅಚ್ಚಾದ ಕಾಗದಕ್ಕೂ ಒಂದು ಉಡುಪಿದೆ. ಆ ಉಡುಪು ನೋಡಿಯೇ ಅದು ಯಾವ ಕೆಲಸಕ್ಕೆ ಬಂದಿದೆ ಎಂದು ಗುರುತಿಸುತ್ತೇವೆ. ಇಷ್ಟು ಸಣ್ಣ ಸಂಗತಿ ನನಗೆ ಅರ್ಥವಾಗುವುದಕ್ಕೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಮುಖಪುಟವನ್ನು ನಾನು ಹಾಳುಮಾಡಬೇಕಾಯಿತು.

ಅದು 2007. ಆಗ ನಾನು ಅರಕಲಗೂಡಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ದಸರಾ ರಜೆ ಮುಗಿದ ಮೇಲೆ ಮಕ್ಕಳಿಂದ ಕೈಬರಹದ ಪತ್ರಿಕೆ ಮಾಡಿಸಿ, ಚೆನ್ನಾಗಿರುವುದೊಂದನ್ನು ಸ್ಪರ್ಧೆಗೆ ಕಳಿಸುವ ಪದ್ಧತಿ ನಮ್ಮಲ್ಲಿತ್ತು. ಸಾಮಾನ್ಯವಾಗಿ ಬರುತ್ತಿದ್ದವು ಗಾದೆ, ಒಗಟು, ಹೊಯ್ಸಳರ ಗುಡಿಗಳು, ಮನೆಮದ್ದು. ಆ ಹುಡುಗಿ ತಂದದ್ದು ರಾಕ್ ಸಂಗೀತದ ಪತ್ರಿಕೆ. ಅವಳ ಅಣ್ಣ ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಆ ವರ್ಷದ ಮಾರ್ಚಿಯಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಅವನು ಹೋಗಿಬಂದಿದ್ದನಂತೆ. ಬರುವಾಗ ಒಂದು ಕರಿಯ ಬನಿಯನ್ನೂ ಯಾರೋ ಕೊಟ್ಟ ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನೂ ತಂದಿದ್ದ. ತಂಗಿ ಅವನ್ನು ನೋಡಿ ನೋಡಿ ಕನ್ನಡದಲ್ಲಿ ತನ್ನದೊಂದನ್ನು ಮಾಡಿದ್ದಳು.

ಮುಖಪುಟ ಪೂರ್ತಿ ಕಪ್ಪು. ನಡುವೆ ಗಿಟಾರು ಹಿಡಿದ ಒಂದು ಬುರುಡೆ. ಮೇಲೆ, ಗಾಜು ಸೀಳಿದಂತೆ ಬಿರುಕುಬಿಟ್ಟ ಅಕ್ಷರಗಳಲ್ಲಿ ಪತ್ರಿಕೆಯ ಹೆಸರು: 'ಢಣ್!' ಆ ಢಕಾರದ ತಲೆಯ ಮೇಲೆ ಎರಡು ಚುಕ್ಕೆ.

"ಏನಮ್ಮ ಇದು? ಶಾಲೆ ಪತ್ರಿಕೆ ಮೇಲೆ ಬುರುಡೆ?"

"ಈ ಹಾಡಿಗೆ ಹಂಗೇ ಇರ್ಬೇಕು ಮಿಸ್."

"ಈ ಚುಕ್ಕೆ ಯಾಕೆ? ಕನ್ನಡದಲ್ಲಿ ಇಂಥ ಅಕ್ಷರ ಎಲ್ಲಿದೆ?"

ಅವಳು ಉತ್ತರ ಹೇಳಲಿಲ್ಲ. ನಾನು ಕೆಂಪು ಶಾಯಿಯಲ್ಲಿ ಆ ಚುಕ್ಕೆಗಳಿಗೆ ಸುತ್ತು ಹಾಕಿದೆ. ಮುಖಪುಟ ಬಿಚ್ಚಿಸಿ, ಸರಸ್ವತಿ, ವೀಣೆ, ಎರಡು ಹಂಸ ಬರೆಯಲು ಹೇಳಿದೆ. 'ಗಾನಸುಧೆ' ಎಂದು ಹೆಸರನ್ನೂ ನಾನೇ ಸೂಚಿಸಿದೆ. ಎರಡು ದಿನದಲ್ಲಿ ಅವಳು ಹಾಗೆಯೇ ಮಾಡಿಕೊಂಡು ಬಂದಳು. ಒಳಗಿನ ಪುಟಗಳು ಮಾತ್ರ ಮೊದಲಿನಂತೆಯೇ ಇದ್ದವು. ಬಹುಮಾನ ಬರಲಿಲ್ಲ. ಪತ್ರಿಕೆ ವಾಪಸು ಬಂದಾಗ ಅದರೊಡನೆ ಒಂದು ಚೀಟಿಯಿತ್ತು: ಹೊರಗಿನ ರೂಪಕ್ಕೂ ಒಳಗಿನ ವಿಷಯಕ್ಕೂ ಹೊಂದಾಣಿಕೆ ಇಲ್ಲ. ಅದನ್ನು ಓದಿ ಅವಳು ನನ್ನ ಮುಖ ನೋಡಿದಳು. ನಾನು ಹಾಜರಿ ಪುಸ್ತಕ ನೋಡಿದೆ.

ಎಷ್ಟೋ ವರ್ಷಗಳ ಮೇಲೆ, ಮಗ ಮನೆಗೆ ಕಂಪ್ಯೂಟರು ತಂದಾಗ, ಈ ರಾಕ್ ಪತ್ರಿಕೆಗಳ ಚರಿತ್ರೆಯನ್ನು ಹುಡುಕಿ ಓದಿದೆ. ಓದುತ್ತಾ ಹೋದಂತೆ ನಾಚಿಕೆಯೂ ಆಯಿತು, ಒಂದು ಬಗೆಯ ಸಲಿಗೆಯೂ ಬೆಳೆಯಿತು. ಅಮೆರಿಕದಲ್ಲಿ 1966ರ ಫೆಬ್ರವರಿಯಲ್ಲಿ 'ಕ್ರಾಡ್ಯಾಡಿ' ಎಂಬ ಪತ್ರಿಕೆ ಹೊರಟಿತು. ಅದನ್ನು ಹೊರಡಿಸಿದ ಪಾಲ್ ವಿಲಿಯಮ್ಸ್ ಎಂಬ ಕಾಲೇಜು ಹುಡುಗನಿಗೆ ಆಗ ಹದಿನೇಳು ವರ್ಷ. ಅದು ಅಚ್ಚಾದದ್ದು ಹೇಗೆ ಗೊತ್ತೆ? ನಾವು ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದೆವಲ್ಲ, ಆ ಸೈಕ್ಲೋಸ್ಟೈಲ್ ಯಂತ್ರದಲ್ಲಿ. ಕೈಗೆ, ಸೆರಗಿಗೆ ಶಾಯಿ ಹತ್ತುವ ಆ ಯಂತ್ರ ನನಗೆ ಚೆನ್ನಾಗಿ ಗೊತ್ತು.

ಮರುವರ್ಷ, 1967ರ ನವೆಂಬರ್ 9ರ ತಾರೀಕು ಹೊತ್ತು, ಸ್ಯಾನ್ ಫ್ರಾನ್ಸಿಸ್ಕೋದಿಂದ 'ರೋಲಿಂಗ್ ಸ್ಟೋನ್' ಬಂತು. ಯಾನ್ ವೆನರ್ ಎಂಬ ತರುಣ, ರಾಲ್ಫ್ ಗ್ಲೀಸನ್ ಎಂಬ ಹಿರಿಯ ಸಂಗೀತ ವಿಮರ್ಶಕ, ಇಬ್ಬರೂ ಸೇರಿ ಮಾಡಿದ್ದು. ವೃತ್ತಪತ್ರಿಕೆಯ ಕಾಗದ, ಮೊದಲ ಸಂಚಿಕೆಯ ಮುಖದ ಮೇಲೆ ಸಿಪಾಯಿಯ ವೇಷದ ಜಾನ್ ಲೆನನ್. ಅದರ ಹೆಸರಿನ ಅಕ್ಷರಗಳನ್ನು ಬರೆದವನು ಸಂಗೀತ ಕಛೇರಿಗಳ ಭಿತ್ತಿಪತ್ರ ಬರೆಯುತ್ತಿದ್ದ ರಿಕ್ ಗ್ರಿಫಿನ್. ಅವನು ಇನ್ನೂ ತಿದ್ದಬೇಕೆಂದುಕೊಂಡಿದ್ದ ಕರಡನ್ನೇ ಪತ್ರಿಕೆಯವರು ಎತ್ತಿಕೊಂಡು ಅಚ್ಚುಹಾಕಿಬಿಟ್ಟರು. ತಿದ್ದದೆ ಬಿಟ್ಟದ್ದೇ ಲೇಸಾಯಿತು ಎನ್ನುವುದು ನನ್ನಂಥವರು ಮನನ ಮಾಡಬೇಕಾದ ಸಂಗತಿ.

1976ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಪೆರಿ ಎಂಬ ಬ್ಯಾಂಕ್ ಗುಮಾಸ್ತ 'ಸ್ನಿಫಿಂಗ್ ಗ್ಲೂ' ಎಂಬ ಪತ್ರಿಕೆ ಆರಂಭಿಸಿದ. ಒಳಗೆ ಬೆರಳಚ್ಚು, ತಲೆಬರಹಕ್ಕೆ ದಪ್ಪ ಪೆನ್ನಿನ ಸೊಟ್ಟ ಅಕ್ಷರ. ಹೊಡೆದುಹಾಕಿದ ತಪ್ಪುಗಳೂ ಹಾಗೇ ಇದ್ದ ಪುಟಗಳನ್ನು ಜೆರಾಕ್ಸ್ ಮಾಡಿ ಹಂಚಿದ. ಆ ಪಂಕ್ ಸಂಗೀತವೇ ಒರಟು. ನುಣುಪಾದ ಕಾಗದದಲ್ಲಿ ಬಂದಿದ್ದರೆ ಅದರ ಕೇಳುಗರು ಮುಟ್ಟುತ್ತಿರಲಿಲ್ಲ. 1981ರಲ್ಲಿ ಬಂದ 'ಕೆರಾಂಗ್' ಇನ್ನೊಂದು ಬಗೆ, ಅಬ್ಬರದ ಹೆವಿ ಮೆಟಲ್ ಸಂಗೀತದ್ದು. ಹೆಸರಿನ ಅಕ್ಷರಗಳು ಒಡೆದ ಗಾಜಿನಂತೆ. ಆ ಹೆಸರಿಗೆ ಅರ್ಥವೆಂದರೆ ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಾರಿಸಿದಾಗ ಬರುವ ಸದ್ದು, ಅಷ್ಟೆ. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ಒಂದು ಲೋಟ ನೀರು ಕುಡಿದೆ. 'ಢಣ್!' ಎಂದರೂ ಅದೇ ತಾನೆ!

ಆ ಎರಡು ಚುಕ್ಕೆಯ ಗುಟ್ಟೂ ತಿಳಿಯಿತು. ಜರ್ಮನ್ ಮೊದಲಾದ ಭಾಷೆಗಳಲ್ಲಿ ಕೆಲವು ಸ್ವರಗಳ ಮೇಲೆ ಉಚ್ಚಾರಣೆಗಾಗಿ ಎರಡು ಚುಕ್ಕೆ ಇಡುತ್ತಾರೆ. ಎಪ್ಪತ್ತರ ದಶಕದಲ್ಲಿ ಬ್ಲೂ ಆಯ್ಸ್ಟರ್ ಕಲ್ಟ್, ಆಮೇಲೆ ಮೋಟರ್‌ಹೆಡ್ ತಂಡಗಳು ಉಚ್ಚಾರಣೆಗೆ ಬೇಡವಾದರೂ ತಮ್ಮ ಹೆಸರಿನ ಮೇಲೆ ಆ ಚುಕ್ಕೆ ಇಟ್ಟುಕೊಂಡವು, ನೋಡಲು ಬಿರುಸಾಗಿ ಕಾಣಲಿ ಎಂದು. ಅದು ಆ ಕುಲದ ಹಣೆಬೊಟ್ಟಾಯಿತು. ಹುಡುಗಿ ಕಾಗುಣಿತ ತಪ್ಪಿರಲಿಲ್ಲ. ಆ ಕುಲದ ಬೊಟ್ಟನ್ನು ನಮ್ಮ ಢಕಾರಕ್ಕೆ ಇಟ್ಟಿದ್ದಳು.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಕಲ್ಕತ್ತೆಯ ಸ್ಟೇಟ್ಸ್‌ಮನ್ ಸಂಸ್ಥೆ 1967ರಿಂದ 1977ರವರೆಗೆ 'ಜೂನಿಯರ್ ಸ್ಟೇಟ್ಸ್‌ಮನ್' ಎಂಬ ತರುಣರ ಪತ್ರಿಕೆ ನಡೆಸಿತು. ಡೆಸ್ಮಂಡ್ ಡಾಯ್ಗ್ ಅದರ ಸಂಪಾದಕರು. ಅದರೊಳಗಿನ ದೊಡ್ಡ ಚಿತ್ರಗಳನ್ನು ಕಿತ್ತು ಹಾಸ್ಟೆಲ್ ಗೋಡೆಗಳಿಗೆ ಅಂಟಿಸಿದವರು ಈಗ ಅಜ್ಜ ಅಜ್ಜಿಯರಾಗಿರಬೇಕು. ಬರೀ ರಾಕ್ ಸಂಗೀತಕ್ಕೆಂದೇ 'ರಾಕ್ ಸ್ಟ್ರೀಟ್ ಜರ್ನಲ್' ಹೊರಟದ್ದು 1993ರಲ್ಲಿ. ದಿಲ್ಲಿಯಲ್ಲೋ ಬೊಂಬಾಯಿಯಲ್ಲೋ ಅಲ್ಲ, ಅಲಹಾಬಾದಿನಲ್ಲಿ, ಅಮಿತ್ ಸೈಗಲ್ ಎಂಬುವರಿಂದ. ಅಲಹಾಬಾದಿನಲ್ಲಿ ಆಗಬಹುದಾದರೆ ಅರಕಲಗೂಡಿನಲ್ಲಿ ಏಕಾಗಬಾರದು?

ಇಷ್ಟಕ್ಕೂ ಕಟ್ಟಳೆಯ ಮುಖಪುಟ ನಮಗೆ ಪರಿಚಯವಿಲ್ಲದ್ದೇನಲ್ಲ. ಟೆಂಟ್ ಸಿನಿಮಾದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕವನ್ನು ನನ್ನ ವಯಸ್ಸಿನವರು ಮರೆತಿರಲಾರಿರಿ. ತೆಳು ಕಾಗದ, ಮುಖಪುಟದಲ್ಲಿ ನಾಯಕ ನಾಯಕಿಯರ ಮುಖ, ಒಳಗೆ ತಾರಾಗಣ, ಆಮೇಲೆ ಕಥಾಸಾರ. ಕಥೆ ಗಂಟು ಬೀಳುವ ಹೊತ್ತಿಗೆ ಸರಿಯಾಗಿ, ಮುಂದೇನಾಯಿತೆಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಮುಗಿಸಿಬಿಡುತ್ತಿದ್ದರು. ಯುಗಳಗೀತೆಯಾದರೆ ಗಂಡು, ಹೆಣ್ಣು ಎಂದು ಪಕ್ಕದಲ್ಲಿ ಗುರುತು. ಯಾವ ಊರಿನ ಯಾವ ಚಿತ್ರವಾದರೂ ಇದೇ ಕ್ರಮ. 1980ರಲ್ಲಿ 'ಲಂಕೇಶ್ ಪತ್ರಿಕೆ' ಬಂದಾಗ ಅದರ ಕಪ್ಪು ಬಿಳುಪು ಮುಖ, ಜಾಹೀರಾತಿಲ್ಲದ ಪುಟಗಳು ಓದುವ ಮೊದಲೇ ಅದರ ಸ್ವಭಾವ ಹೇಳುತ್ತಿದ್ದವು. ಅದಕ್ಕೆ ಹಂಸ ಬರೆಯಲು ಯಾರೂ ಹೇಳಲಿಲ್ಲ.

ಭಾವಗೀತೆಯ ಕ್ಯಾಸೆಟ್ಟುಗಳಿಗೂ ಒಂದು ಉಡುಪು ಬೆಳೆಯಿತು. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟು 1978ರಲ್ಲಿ ಬಂತು. ಆಮೇಲೆ ಬಂದವುಗಳಲ್ಲಿ ಎಷ್ಟರ ಮೇಲೆ ಹಸಿರು ಬೆಟ್ಟ, ಹುಣ್ಣಿಮೆ ಚಂದ್ರ, ಕವಿಯ ಭಾವಚಿತ್ರ! ನಮ್ಮ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಸಿ. ಅಶ್ವಥ್ ಅವರ ಕಂಠ ಆ ಹುಣ್ಣಿಮೆಯ ಚಿತ್ರದೊಳಗೆ ಹಿಡಿಸುವಂಥದ್ದಾಗಿರಲಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ಜನಸಾಗರ ಸೇರಿದಾಗ ಅವರು ಎದೆ ಬಿಚ್ಚಿ ಕೂಗಿ ಹಾಡಿದರು. ಎರಡು ವರ್ಷದ ನಂತರ ಐರನ್ ಮೇಡನ್ ಹಾಡಿದ್ದೂ ಅದೇ ಮೈದಾನದಲ್ಲಿ. ಅಶ್ವಥ್ ಕೂಗಿದರೆ ನನಗೆ ಮೈ ನವಿರೇಳುತ್ತದೆ. ಬೇರೆಯವರು ಕೂಗಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಹೋದ ವರ್ಷ ನಾದಿನಿಯ ಮಗಳ ಲಗ್ನಪತ್ರಿಕೆ ಮಾಡಿಸಲು ಹೊಳೆನರಸೀಪುರಕ್ಕೆ ಹೋಗಿದ್ದೆ. ಡಿಟಿಪಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು ಎದ್ದು ನಿಂತು, "ಮಿಸ್, ನಾನು" ಎಂದಳು. ಅವಳೇ. ಅಂಗಡಿ ಅವಳದೂ ಗಂಡನದೂ. ಹಳೆಯ ಮುಖಪುಟ ನನ್ನ ಬಳಿ ಉಳಿದಿತ್ತು. ಅದನ್ನು ಎಸೆಯಲೂ ಆಗದೆ, ಕೊಡಲೂ ಆಗದೆ ಪಾಠಟಿಪ್ಪಣಿಯ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆ. ಕರಡು ತಿದ್ದಲು ಎರಡನೆಯ ಸಲ ಹೋದಾಗ ತೆಗೆದುಕೊಂಡು ಹೋಗಿ ಕೊಟ್ಟೆ. "ತಪ್ಪು ನನ್ನದಮ್ಮ" ಎಂದೆ.

ಅವಳು ಬೆರಳಿನಿಂದ ಆ ಕೆಂಪು ಸುತ್ತನ್ನು ಸವರಿದಳು. "ಬುರುಡೆ ಹೋದ್ರೆ ಹೋಗ್ಲಿ ಮಿಸ್. ಹೆಸರನ್ನಾದ್ರೂ ಬಿಡಬಹುದಿತ್ತು" ಎಂದಳು. ಸಿಟ್ಟಿನಿಂದಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಒಬ್ಬರು ತೀರಿಕೊಂಡ ತಂದೆಯ ಭಾವಚಿತ್ರ ಹಿಡಿದುಕೊಂಡು ಒಳಗೆ ಬಂದರು. ಅವಳು ಏನೂ ಕೇಳಲಿಲ್ಲ. ಪರದೆಯ ಮೇಲಿದ್ದ ನಮ್ಮ ಬಂಗಾರದ ಬಣ್ಣದ ಗಣಪತಿಯನ್ನು ಮರೆಮಾಡಿ, ಬಿಳಿಯ ಹಾಳೆ ತೆರೆದು, ಸಾದಾ ಕಪ್ಪು ಅಕ್ಷರ ಆರಿಸಿದಳು. ಆ ಪಾಠ ಅವಳಿಗೆ ಒಂಬತ್ತನೆಯ ತರಗತಿಯಲ್ಲೇ ಗೊತ್ತಿತ್ತು.