ಮರಕ್ಕೆ ಕಟ್ಟಿದ ಜೋಲಿ

ಗುಂಡ್ಲುಪೇಟೆಯ ಕಡೆ ಕಳೆ ಕೀಳುವ ಹೊಲದ ಬದುವಿನಲ್ಲಿ, ಮರಕ್ಕೆ ಕಟ್ಟಿದ ಹಳೆಯ ಸೀರೆಯ ಜೋಲಿಯನ್ನು ನೋಡದವರು ವಿರಳ. ಅದನ್ನು ತೂಗುತ್ತಿದ್ದ ಕೈ ಎಷ್ಟೋ ಸಲ ಏಳೆಂಟು ವರ್ಷದ ಅಕ್ಕನದು. ತಾಯಿಯ ಕೂಲಿಯ ಲೆಕ್ಕದಲ್ಲಿ, ಅಕ್ಕ ಕಳೆದುಕೊಂಡ ಪಾಠವನ್ನು ಯಾರೂ ಖರ್ಚೆಂದು ಬರೆಯಲಿಲ್ಲ.

ಕಾನೂನು ಈ ಜೋಲಿಯನ್ನು ಕಂಡದ್ದು ತಡವಾಗಿ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವೆಡೆ ಕೂಸುಗಳಿಗೊಂದು ಕೋಣೆಯಿರಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತು. 1976ರಲ್ಲಿ ಆ ಸಂಖ್ಯೆ 30ಕ್ಕಿಳಿಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿರುವಂಥ ಕಾಫಿತೋಟಗಳ ಪೈಕಿ ದೊಡ್ಡವಕ್ಕೆ 1951ರಲ್ಲೇ ಬೇರೆ ಕಾಯಿದೆ ಬಂದಿತ್ತು. ಹೊಲಕ್ಕೆ ಗೇಟಿಲ್ಲ, ಹಾಜರಿ ಪುಸ್ತಕವಿಲ್ಲ. ಅಲ್ಲಿ ಹೆಂಗಸರನ್ನು ಎಣಿಸುವವರು ಯಾರು?

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ, ಕರ್ನಾಟಕದಲ್ಲಿ ಮೊದಲು ಬಂದದ್ದು ನೆರೆಯ ತಿರುಮಕೂಡಲು ನರಸೀಪುರಕ್ಕೆ. ಚಾಮರಾಜನಗರ, ಗುಂಡ್ಲುಪೇಟೆಗಳು ಆಗಿನ್ನೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು; ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂಗನವಾಡಿಗಳು ಬಂದುವು, ನಿಜ. ಆದರೆ ಅಲ್ಲಿ ಕೂರಲು ಮೂರು ವರ್ಷ ತುಂಬಿರಬೇಕು. ಜೋಲಿಯ ಕೂಸು ಜೋಲಿಯಲ್ಲೇ ಉಳಿಯಿತು; ಅಕ್ಕ ಅದರ ಪಕ್ಕದಲ್ಲೇ.

ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ, ಒಬ್ಬ ಹೆಂಗಸನ್ನು ಅವರ ಪಾಲನೆಗೆ ಬಿಟ್ಟು ಆಕೆಗೂ ಕೂಲಿ ಕೊಡಬೇಕೆಂದಿತು 2005ರ ಉದ್ಯೋಗ ಖಾತರಿ ಕಾಯಿದೆ. ಕೂಸು ನೋಡಿಕೊಳ್ಳುವುದೂ ಕೂಲಿಗೆ ತಕ್ಕ ಕೆಲಸವೆಂದು ಸರಕಾರ ಒಪ್ಪಿದ್ದು ನನಗಂತೂ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. 2023ರಲ್ಲಿ ರಾಜ್ಯ ಸರಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯಲು ಹೊರಟಿತು. ಮೂರು ತುಂಬದ ಕೂಸಿಗೆ ಅಲ್ಲಿ ಜಾಗವಿತ್ತು.